ಮೂರನೇ ಭಂಗಿ

ಆ ಪದವನ್ನು ಪಟ್ಟಿಗೆ ಸೇರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಂಡಳಿಯನ್ನು, ಅದರ ಕಾನೂನು ಅಧಿಕಾರಿಯನ್ನು, ಆ ಹಾಳು ಯಂತ್ರವನ್ನು ಬಾಯಿಗೆ ಬಂದಂತೆ ಬೈಯುವವಳಿದ್ದೇನೆ. ಆಗ ಯಾರೂ ಈ ಹೆಂಗಸಿನ ಪಾಲೆಷ್ಟು ಎಂದು ಹುಡುಕುವ ಕಷ್ಟ ಪಡಬಾರದು.

ನನ್ನ ಹೆಸರು ವಿಶಾಲಾಕ್ಷಿ ಹೊಂಬಳ. ಗದುಗಿನ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾದೆ. ಅದೇ ವರ್ಷ ರಾಜ್ಯದಲ್ಲಿ ಔಷಧೀಯ ಗಾಂಜಾ ಕಾಯ್ದೆ ಬಂತು. ಕಾಯ್ದೆಯ ಹಿಂದೆ ಉಪಶಮನ ಔಷಧ ಮಂಡಳಿ ಬಂತು, ಮಂಡಳಿಯ ನಿಯಂತ್ರಣ ಕೊಠಡಿ ನಮ್ಮೂರ ಹೊರಗೆ ಗಾಳಿಯಂತ್ರಗಳ ಬುಡದಲ್ಲಿ ಎದ್ದು ನಿಂತಿತು. ಅಲ್ಲಿಯ ಯಂತ್ರಕ್ಕೆ ಜನರ ಕನ್ನಡ ಅರ್ಥವಾಗುವಂತೆ ಮಾಡಲು ಒಬ್ಬರು ಬೇಕು ಎಂದು ಜಾಹೀರಾತು ಕೊಟ್ಟಿದ್ದರು. ಹಿಂದಿನ ಬೆಂಚಿನ ಹುಡುಗರಿಗೇ ಛಂದಸ್ಸು ಕಲಿಸಿದವಳಿಗೆ ಯಂತ್ರ ಯಾವ ಲೆಕ್ಕ ಎಂದುಕೊಂಡು ಅರ್ಜಿ ಹಾಕಿದೆ. ಪದಕೋಶ ಅಧಿಕಾರಿ ಎಂಬ ಹುದ್ದೆ ಸಿಕ್ಕಿತು.

ಏರ್ಪಾಟು ಹೀಗಿತ್ತು. ಯಾವ ಮಾತ್ರೆಗೂ ಬಗ್ಗದ ಮೂರ್ಛೆರೋಗದವರಿಗೆ, ಕ್ಯಾನ್ಸರಿನ ನೋವಿನವರಿಗೆ ಮಂಡಳಿ ಗಾಂಜಾ ಗಿಡದಿಂದ ತೆಗೆದ ಎಣ್ಣೆ ಕೊಡುತ್ತಿತ್ತು. ಅಮಲೇರಿಸುವ ಅಂಶವನ್ನು ಬೇರ್ಪಡಿಸಿ, ಮಿದುಳಿನ ಗದ್ದಲ ತಣಿಸುವ ಅಂಶವನ್ನು ಮಾತ್ರ ಉಳಿಸಿದ ಎಣ್ಣೆ ಅದು. ಅದನ್ನು ಶೀಸೆಯಲ್ಲಿ ಕೊಟ್ಟರೆ ಮಾರಿಕೊಳ್ಳುತ್ತಾರೆ ಎಂಬ ಅನುಮಾನದಿಂದ ಪ್ರತಿ ರೋಗಿಯ ಮನೆಯ ಗೋಡೆಗೆ ಒಂದು ಡಬ್ಬಿ ಕೂರಿಸಿದರು. ಜನ ಅದಕ್ಕೆ ಹನಿಡಬ್ಬಿ ಎಂದು ಹೆಸರಿಟ್ಟರು. ದಿನಕ್ಕೊಮ್ಮೆ ಮನೆಯವರು ಡಬ್ಬಿಯ ಮುಂದೆ ನಿಂತು ರೋಗಿಯ ದಿನಚರಿಯನ್ನು ಬಾಯಿಮಾತಿನಲ್ಲಿ ಒಪ್ಪಿಸಬೇಕು. ಆ ಮಾತು ನಿಯಂತ್ರಣ ಕೊಠಡಿಗೆ ಬರುತ್ತದೆ. 'ಪರಿಚಾರಕ' ಎಂಬ ಯಂತ್ರ ಅದನ್ನು ಕೇಳಿ, ಎಲ್ಲ ಸರಿಯಿದೆ ಎನ್ನಿಸಿದರೆ ಮರುದಿನದ ಹನಿಗಳಿಗೆ ಬಾಗಿಲು ತೆರೆಯುತ್ತದೆ. ಡಬ್ಬಿಗೆ ಕಿವಿಯಿತ್ತು, ಬಾಯಿಯಿತ್ತು, ಕಣ್ಣಿರಲಿಲ್ಲ.

ಕಾಯ್ದೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಮಂಡಳಿಯ ಎಣ್ಣೆ ಪಡೆಯುವವರು ಹೊರಗಿನ ಗಿಡ ಮುಟ್ಟಬಾರದು. ಮೂರು ದಿನ ಸತತವಾಗಿ ಮುಟ್ಟಿದ ಸುಳಿವು ಸಿಕ್ಕರೆ ಡಬ್ಬಿಗೆ ತೊಂಬತ್ತು ದಿನ ಬೀಗ. ಆ ಹೊರಗಿನ ಗಿಡಕ್ಕೆ ಕರಡಿನಲ್ಲಿ 'ಅನಧಿಕೃತ ಗಾಂಜಾ' ಎಂದು ಬರೆದಿದ್ದರು. ನಾನು ಸಭೆಯಲ್ಲಿ ಎದ್ದು ನಿಂತೆ. ಹಳ್ಳಿಯ ಜನ ಹಾಗೆಲ್ಲ ಅನ್ನುವುದಿಲ್ಲ, ಭಂಗಿ ಎನ್ನುತ್ತಾರೆ, ಭಂಗಿ ಸೊಪ್ಪು, ಭಂಗಿ ಸೇದುವುದು ಎಂದೆಲ್ಲ ನಮ್ಮ ಮಾತಿನಲ್ಲೇ ಇದೆ, ಜನರ ಕಾಯ್ದೆ ಜನರ ಮಾತಿನಲ್ಲಿರಲಿ ಎಂದು ಕಾಲುಗಂಟೆ ಉಪನ್ಯಾಸ ಕೊಟ್ಟೆ. ಚಪ್ಪಾಳೆ ತಟ್ಟಿದರು. ಎರಡನೇ ಕಲಮಿನಲ್ಲಿ ಸೇರಿತು: "'ಭಂಗಿ' ಎಂದರೆ ಮಂಡಳಿಯ ಮುದ್ರೆಯಿಲ್ಲದ ಗಾಂಜಾ ಗಿಡದ ಯಾವುದೇ ಭಾಗ." ಪರಿಚಾರಕನ ಪದಪಟ್ಟಿಯಲ್ಲೂ ಅಷ್ಟೇ ಬರೆದೆ. ಒಂದು ಪದ, ಒಂದು ಅರ್ಥ. ಅವತ್ತು ಮನೆಗೆ ಬಂದು ನನಗೆ ನಾನೇ ಶಾವಿಗೆ ಪಾಯಸ ಮಾಡಿಕೊಂಡು ಉಂಡೆ.

*

ಪರಿಚಾರಕ ಸರಿಯಾಗಿ ಕೇಳಿಸಿಕೊಳ್ಳುತ್ತಿದ್ದಾನೋ ಇಲ್ಲವೋ ಎಂದು ನೋಡಲು ದಿನಕ್ಕೆ ನಲವತ್ತು ಮನೆಗಳ ದಿನಚರಿಗಳನ್ನು ನಾನೂ ಕೇಳಬೇಕಿತ್ತು. ಅವುಗಳಲ್ಲಿ ಒಂದು ಧ್ವನಿಗೆ ನಾನು ಕಾಯುತ್ತಿದ್ದೆ. ಬೆಟಗೇರಿಯ ಸೌಭಾಗ್ಯ ಹಡಪದ ಎಂಬಾಕೆಯದು. ಗಂಡ ನಿಂಗರಾಜನದು ಬಸ್ ನಿಲ್ದಾಣದ ಹತ್ತಿರ ಕಟಿಂಗ್ ಅಂಗಡಿ. ಮಗಳು ಇಂಚರಾಗೆ ಎಂಟು ವರ್ಷ. ಡಬ್ಬಿ ಬರುವ ಮುಂಚೆ ದಿನಕ್ಕೆ ನಲವತ್ತು ಸಲ ಮೂರ್ಛೆ ಬರುತ್ತಿದ್ದ ಮಗು.

"ನಮಸ್ಕಾರ್ರಿ ಡಬ್ಬಿಯಾರ," ಎಂದೇ ಸೌಭಾಗ್ಯ ಶುರು ಮಾಡುತ್ತಿದ್ದಳು. "ಇವತ್ತ ಎರಡ ಸಲ ಬಂದಾವ್ರಿ, ಸಣ್ಣವು. ಒಂದೂವರಿ ರೊಟ್ಟಿ ತಿಂದಾಳ್ರಿ ಹಾಲಿನಾಗ. ಮತ್ತ ನಿನ್ನಿ ಹೇಳೂದ ಮರತಿದ್ದೆ, ನಮ್ಮ ಕೂಸು ಅವ್ವ ಅಂದ್ಳರಿ. ಅವ್ವ ಅಂತ ಖರೇನ ಅಂದ್ಳು. ಇವರೂ ಕೇಳ್ಯಾರ. ಇಷ್ಟ್ರಿ."

ಪರಿಚಾರಕನಿಗೆ ಬೇಕಾದದ್ದು ಮೂರ್ಛೆಯ ಸಂಖ್ಯೆ ಮಾತ್ರ. 'ಅವ್ವ' ಅಂದದ್ದು ಅವನ ಯಾವ ಕೋಷ್ಟಕದಲ್ಲೂ ಇರಲಿಲ್ಲ. ನಾನು ಮಾತ್ರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಎಂಟು ವರ್ಷ ಕಾದು ಕೇಳಿದ ಒಂದು ಶಬ್ದವನ್ನು ಒಬ್ಬ ತಾಯಿ ಗೋಡೆಯ ಡಬ್ಬಿಗೆ ಹೇಳಿ ಹಿಗ್ಗುವುದನ್ನು ಕೇಳಿದರೆ ಯಾರಿಗಾದರೂ ಹಾಗೇ ಆಗುತ್ತದೆ.

ಶ್ರಾವಣದ ಒಂದು ಮಂಗಳವಾರ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಪಾಳಿ ಎಂಜಿನಿಯರ್ ನಫೀಸಾ ಮುಲ್ಲಾ ನನ್ನ ಮೇಜಿಗೆ ಬಂದಳು. ಏಳು ತಿಂಗಳ ಬಸುರಿ, ಆದರೂ ಕರೆದಲ್ಲಿಗೆ ಎದ್ದು ಬರುವ ಹುಡುಗಿ.

"ಅಕ್ಕಾರ, ಒಂದ ಕೇಳ್ರಿ. ಬೆಟಗೇರಿ ಡಬ್ಬಿಗೆ ಬೀಗ ಬಿದ್ದೈತಿ. ಹೊರಗಿನ ಸೇವನೆ ಅಂತ ತೋರಿಸಾಕತ್ತೈತಿ. ನನಗ್ಯಾಕೋ ನಂಬಿಕಿ ಬರವಲ್ದು."

ಹಿಂದಿನ ಮೂರು ದಿನಗಳ ಧ್ವನಿ ಹಾಕಿದಳು. ಸೌಭಾಗ್ಯಳ ಅದೇ ಹಿಗ್ಗಿನ ದನಿ.

"ಮುಂಜಾನೆ ಎರಡ ಭಂಗಿ ಕೊಟ್ಟೇನ್ರಿ, ಸಂಜಿಮುಂದ ಮೂರನೇ ಭಂಗಿ ಕೊಟ್ಟೇನಿ. ಮೂರನೇ ಭಂಗಿ ಕೊಟ್ಟಾಗ ಕೂಸಿಗಿ ಭಾಳ ಆರಾಮ ಅನಸ್ತೈತ್ರಿ. ದಿನಾ ಕೊಡ್ತೀನಿ ಇನ್ನ ಮ್ಯಾಲೆ."

ಒಂದು ಕ್ಷಣ ನನಗೆ ನಗು ಬಂತು. ಯಾರೋ ಅಂಗಸಾಧನೆಯವರು, ಅಂದರೆ ಫಿಜಿಯೋದವರು, ಮಗುವನ್ನು ಮಲಗಿಸುವ ಕೂರಿಸುವ ರೀತಿ ಹೇಳಿಕೊಟ್ಟಿದ್ದಾರೆ, ಅವರು ಅದಕ್ಕೆ ಭಂಗಿ ಎಂದಿದ್ದಾರೆ, ಇವಳೂ ಹಾಗೇ ಅಂದಿದ್ದಾಳೆ. ನಮ್ಮ ಪರಿಚಾರಕ ಮಹಾಶಯ ಆ ಎಂಟು ವರ್ಷದ ಮಗುವಿಗೆ ದಿನಕ್ಕೆ ಮೂರು ಸಲ ಸೊಪ್ಪು ತಿನ್ನಿಸುತ್ತಿದ್ದಾರೆ ಎಂದು ಬರೆದುಕೊಂಡಿದ್ದಾನೆ. ಪಟ್ಟಿಯಲ್ಲಿ ಎರಡನೇ ಅರ್ಥ ಸೇರಿಸಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ ಎಂದುಕೊಂಡೆ.

ನಗು ನಿಂತದ್ದು ನಫೀಸಾ ಮುಂದಿನ ಧ್ವನಿ ಹಾಕಿದಾಗ. ಅವತ್ತು ಬೆಳಿಗ್ಗೆ ಏಳೂವರೆಯದು.

"ಡಬ್ಬಿಯಾರ, ಬಾಗಲಾ ತಗೀವಲ್ದಲ್ರಿ. ಕೂಸಿನ ಹೊತ್ತ ಮೀರಾಕತ್ತೈತಿ. ಏನರ ತಪ್ಪ ಮಾಡೇನೇನ್ರಿ ನಾನು? ತಗೀರಿ ಸ್ವಲ್ಪ. ನಿಮ್ಮ ಕಾಲ ಬೀಳ್ತೀನಿ."

ಔಷಧದ ಜೊತೆ ಕೊಡುವ ಸೂಚನೆಯನ್ನು ಅನುವಾದ ಮಾಡಿದವಳೂ ನಾನೇ. ಅದರ ಮೊದಲ ಸಾಲು: ಈ ಔಷಧವನ್ನು ಒಮ್ಮೆಲೇ ನಿಲ್ಲಿಸತಕ್ಕದ್ದಲ್ಲ, ನಿಲ್ಲಿಸಿದರೆ ತಡೆಯಲಾಗದ ಮೂರ್ಛೆ ಬಂದು ಪ್ರಾಣಾಪಾಯವಾಗಬಹುದು. ಯಾವ ಆಸ್ಪತ್ರೆಯವರೂ ಆ ಎಣ್ಣೆ ಕೊಡುವಂತಿರಲಿಲ್ಲ. ಕಾಯ್ದೆಯ ಪ್ರಕಾರ ರಾಜ್ಯದಲ್ಲಿ ಅದನ್ನು ಕೊಡುವ ಅಧಿಕಾರ ಇದ್ದದ್ದು ಮಂಡಳಿಯೊಂದಕ್ಕೇ.

*

ಪಟ್ಟಿಯಲ್ಲಿ ನಾನು ಏನೇ ತಿದ್ದಿದರೂ ಕಾನೂನು ಅಧಿಕಾರಿಯ ಎರಡನೇ ಸಹಿ ಬೇಕು. ಕಾನೂನು ಅಧಿಕಾರಿ ಸುದರ್ಶನ ಬೆಣಕಲ್ಲ ಸಭ್ಯ ಮನುಷ್ಯ. ಯಾರು ಹೋದರೂ ಕುರ್ಚಿ ತೋರಿಸಿ ಚಹಾ ತರಿಸುತ್ತಿದ್ದ. ನಾನು ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿದ.

"ನೀವ ಹೇಳೂದು ಖರೆ ಐತ್ರಿ ಮೇಡಮ್. ಭಂಗಿ ಅಂದ್ರ ಕೂಡೂದು ನಿಲ್ಲೂದೂ ಆಗತೈತಿ. ನಾನೂ ಕನ್ನಡ ಸಾಲ್ಯಾಗ ಕಲತಾಂವ."

"ಹಂಗಾದ್ರ ಸಹಿ ಮಾಡ್ರಿ, ಬೀಗ ತಗೀತೇವಿ."

"ತಗದ್ರ ಯಾರ ತಗದಂಗಾತು?" ಎಂದು ಕೇಳಿದ. ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವನು ಮಗುವಿಗೆ ಹೇಳುವಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದ. "ಬೀಗ ಹಾಕಿದ್ದು ಯಂತ್ರ. ನಲವತ್ತೊಂದನೇ ಕಲಮಿನ ಪ್ರಕಾರ ಯಂತ್ರ ಮಾಡಿದ್ದೆಲ್ಲಾ ಸದ್ಭಾವನೆಯಿಂದ ಮಾಡಿದ್ದು. ಏನಾದ್ರೂ ಮಂಡಳಿ ಹೊಣಿ ಅಲ್ಲ. ಆದ್ರ ತಗಿಯಾವ್ರು ಮನಷ್ಯಾರು. ತಪ್ಪಾಗೇತಿ ಅಂತ ತಗದ್ರ, ತಪ್ಪ ನಮಗ ಗೊತ್ತಿತ್ತು ಅಂತಾತು. ಗೊತ್ತಿದ್ದ ಮ್ಯಾಲೆ ಸದ್ಭಾವನೆ ಎಲ್ಲಿ ಉಳೀತ್ರಿ?"

"ಒಂದ ಕೂಸಿನ ಜೀವದ ಮಾತ್ರಿ ಇದು."

"ಒಂದ ಕೂಸಲ್ರಿ. ಈ ಒಂದ ಪದದ ಮ್ಯಾಲೆ ರಾಜ್ಯದಾಗ ಇನ್ನೂರಾ ಹದಿನಾಲ್ಕು ಡಬ್ಬಿಗೆ ಬೀಗ ಬಿದ್ದಾವ. ಯಾವು ಖರೆ ಸೊಪ್ಪಿನವು, ಯಾವು ನಿಮ್ಮ ಅಂಗಸಾಧನೆಯವು, ಯಾರಿಗ್ಗೊತ್ತು? ಒಂದ ತಗದ್ವಿ ಅಂದ್ರ ಉಳದಾವ್ರು ಎಲ್ಲಾ ಕೋರ್ಟಿಗೆ ಬರ್ತಾರ. ಮುಂದಿನ ಆವೃತ್ತಿಯಾಗ ಸುಮ್ಮನ ಸೇರ್ಸೂಣು. ತೊಂಬತ್ತ ದಿನ ಅಷ್ಟ." ಆಮೇಲೆ ಉದಾರಿಯಾಗಿ ಸೇರಿಸಿದ. "ಆ ತಾಯಿಗೆ ಒಂಬತ್ತನೇ ನಮೂನೆ ತುಂಬ್ಲಿಕ್ಕೆ ಹೇಳ್ರಿ. ಡಬ್ಬಿಯಾಗ ಪ್ರಮಾಣ ಮಾಡಿ ಹೇಳಿದ್ರ ಯಂತ್ರ ತಾನಾಗೇ ವಿಚಾರ ಮಾಡತೈತಿ. ಯಂತ್ರ ತಗದ್ರ ನಮ್ಮದೇನೂ ಅಡ್ಡಿಯಿಲ್ಲ."

ಬೈಯಬೇಕೆನ್ನಿಸಿತು. ಬೈಯಲಿಲ್ಲ. ಚಹಾ ಕುಡಿದು ಎದ್ದು ಬಂದೆ.

*

ರೋಗಿಗಳ ಮನೆಗೆ ಹೋಗಕೂಡದು ಎಂಬುದು ನಮ್ಮ ನಿಯಮ. ಬುಧವಾರ ರಜೆ ಹಾಕಿ ಆಟೋ ಹತ್ತಿ ಬೆಟಗೇರಿಗೆ ಹೋದೆ.

ಒಂದೇ ಕೋಣೆ, ಹಿಂದೊಂದು ಅಡುಗೆಮನೆ. ಗೋಡೆಯ ಮೇಲೆ ಡಬ್ಬಿ, ಅದರ ನೆತ್ತಿಯಲ್ಲಿ ಕೆಂಪು ದೀಪ. ಡಬ್ಬಿಗೆ ಕುಂಕುಮ ಹಚ್ಚಿದ್ದರು. ಸೌಭಾಗ್ಯ ಚಾಪೆಯ ಮೇಲೆ ಮಗಳ ತಲೆಯನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಧ್ವನಿ ಕೇಳಿ ನಾನು ದಪ್ಪನೆಯ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಈಕೆ ಇಷ್ಟೇ ಇಷ್ಟಿದ್ದಳು. ನಾನು ಯಾರೆಂದು ಹೇಳಿದಾಗ ಅವಳು ಮೊದಲು ಮಾಡಿದ್ದು, ಎದ್ದು ನನಗೆ ನೀರು ತಂದುಕೊಟ್ಟದ್ದು.

"ನಿನ್ನಿಯಿಂದ ಹದಿನೇಳ ಬಂದಾವ್ರಿ," ಎಂದಳು. "ಅವ್ವ ಅನ್ನೂದ ಬಿಟ್ಟಾಳ್ರಿ. ನನ್ನ ಮಾರಿ ನೋಡ್ತಾಳ, ಬಾಯಿ ತಗೀತಾಳ, ಬರವಲ್ದು."

"ಭಂಗಿ ಅಂತ ನಿಮಗ ಯಾರ ಹೇಳಿಕೊಟ್ರು?" ಎಂದು ಕೇಳಿದೆ.

ಅವಳು ಬಾಗಿಲ ಹಿಂದೆ ಕೈ ಮಾಡಿದಳು. ಅಲ್ಲೊಂದು ಬಣ್ಣದ ಚಿತ್ರಪಟ ಅಂಟಿಸಿತ್ತು. ಐದು ಚಿತ್ರಗಳು, ಮಗುವನ್ನು ಮಲಗಿಸುವ ಐದು ಬಗೆ. ಮೊದಲನೇ ಭಂಗಿ, ಎರಡನೇ ಭಂಗಿ, ಮೂರನೇ ಭಂಗಿ. ಮೂರನೆಯದು ಎಡಮಗ್ಗುಲಿಗೆ ಮಲಗಿಸಿ ಮೊಣಕಾಲು ಮಡಿಸುವುದು. ಮೇಲೆ ನಮ್ಮ ಮಂಡಳಿಯ ಲಾಂಛನ. ಕೆಳಗೆ ಸಣ್ಣಕ್ಷರದಲ್ಲಿ: ಕನ್ನಡ ಅನುವಾದ, ಪದಕೋಶ ವಿಭಾಗ.

ಪದಕೋಶ ವಿಭಾಗ ಎಂದರೆ ನಾನೊಬ್ಬಳೇ. ಹಿಂದಿನ ವರ್ಷ ಯಾವುದೋ ಮಧ್ಯಾಹ್ನ ಹತ್ತಾರು ಕಾಗದಗಳ ನಡುವೆ ಇದನ್ನೂ ಮಾಡಿ ಕಳಿಸಿದ್ದೆ. 'ಪೊಸಿಷನ್' ಎಂದು ಹಾಗೇ ಬಿಟ್ಟಿದ್ದರು, ನನ್ನ ಮೈ ಉರಿದಿತ್ತು, ಒಳ್ಳೆಯ ಕನ್ನಡ ಪದ ಇರುವಾಗ ಇದೇನು ದರಿದ್ರ ಎಂದು ಹೊಡೆದುಹಾಕಿ 'ಭಂಗಿ' ಎಂದು ಬರೆದಿದ್ದೆ. ಕಾಯ್ದೆಗೂ ನಾನೇ, ಚಿತ್ರಪಟಕ್ಕೂ ನಾನೇ. ಈ ಕೈಯಲ್ಲಿ ಹೇಳಿಕೊಟ್ಟು ಆ ಕೈಯಲ್ಲಿ ಬೀಗ ಹಾಕಿದ್ದೆ.

ನಿಂಗರಾಜ ಅಂಗಡಿ ಮುಚ್ಚಿ ಬಂದ. ಅಂಗಿಯ ಮೇಲೆಲ್ಲ ಯಾರದೋ ಕೂದಲು. ಒಂಬತ್ತನೇ ನಮೂನೆಯ ಬಗ್ಗೆ ಹೇಳಿದೆ. ಸೌಭಾಗ್ಯ ಡಬ್ಬಿಯ ಮುಂದೆ ನಿಂತು ಕೈಮುಗಿದಳು. ಡಬ್ಬಿ ಮಾತಾಡಿತು. ಅದರ ವಾಕ್ಯಗಳನ್ನೂ ನಾನೇ ಬರೆದುಕೊಟ್ಟದ್ದು.

"ಪ್ರಮಾಣ ಮಾಡಿ ಹೇಳಿ. ಮಗುವಿಗೆ ಭಂಗಿ ಕೊಟ್ಟಿದ್ದೀರಾ? ಹೌದು ಅಥವಾ ಇಲ್ಲ."

ಸೌಭಾಗ್ಯ ನನ್ನ ಕಡೆ ತಿರುಗಿದಳು. "ಕೊಟ್ಟೇನಲ್ರಿ ಅಕ್ಕಾರ. ಚಿತ್ರದಾಗ ಇದ್ದಂಗ ಕೊಟ್ಟೇನಿ."

"ಅದು ಕೇಳೂದು ಬ್ಯಾರೆ," ಎಂದು ಪಿಸುಗುಟ್ಟಿದೆ. "ಇಲ್ಲ ಅನ್ರಿ."

"ದೇವರಾಣಿ ಮಾಡಿ ಸುಳ್ಳ ಹೆಂಗ ಹೇಳ್ಲ್ರಿ? ಕೂಸಿನ ಜೀವದ ಮ್ಯಾಲಿನ ಮಾತೈತಿ."

"ಇಲ್ಲ ಅನ್ನ!" ಎಂದು ನಿಂಗರಾಜ ಕೂಗಿದ. "ಅಕ್ಕಾರ ಅಷ್ಟ ಓದಿದಾವ್ರು ಹೇಳಾಕತ್ತಾರ. ಇಲ್ಲ ಅನ್ನ!"

"ಇಲ್ಲರಿ," ಎಂದಳು ಸೌಭಾಗ್ಯ, ಕಣ್ಣು ಮುಚ್ಚಿಕೊಂಡು.

ಡಬ್ಬಿ ಎರಡು ಕ್ಷಣ ಯೋಚಿಸಿತು. "ನಿಮ್ಮ ಈಗಿನ ಹೇಳಿಕೆ ಹಿಂದಿನ ಮೂರು ಹೇಳಿಕೆಗಳಿಗೆ ವಿರುದ್ಧವಾಗಿದೆ. ಸುಳ್ಳು ಪ್ರಮಾಣವೆಂದು ದಾಖಲಿಸಲಾಗಿದೆ. ಮುಂದಿನ ಮನವಿಗೆ ಅವಕಾಶವಿರುವುದಿಲ್ಲ." ಕೆಂಪು ದೀಪ ಒಮ್ಮೆ ಮಿನುಗಿ ಮತ್ತೆ ಹಾಗೇ ಉರಿಯಿತು.

ಇದ್ದ ಒಂದು ದಾರಿಯನ್ನೂ ನನ್ನ ಜಾಣತನವೇ ಮುಚ್ಚಿಸಿತು. ಅಷ್ಟರಲ್ಲಿ ಚಾಪೆಯ ಮೇಲೆ ಇಂಚರಾಳ ಕೈಕಾಲು ಸೆಟೆದವು. ಸೌಭಾಗ್ಯ ಓಡಿಹೋಗಿ ಅವಳನ್ನು ಎಡಮಗ್ಗುಲಿಗೆ ಹೊರಳಿಸಿದಳು, ಮೊಣಕಾಲು ಮಡಿಸಿದಳು, ಬಾಯಿಯ ನೊರೆ ಸೆರಗಿನಿಂದ ಒರೆಸಿದಳು. ಚಿತ್ರಪಟದಲ್ಲಿದ್ದ ಹಾಗೆಯೇ, ಒಂದಿಷ್ಟೂ ತಪ್ಪಿಲ್ಲದೆ.

ನನ್ನನ್ನು ಆಟೋವರೆಗೆ ಬಿಡಲು ಬಂದ ನಿಂಗರಾಜ ದಾರಿಯಲ್ಲಿ ಹೇಳಿದ. "ದಿನಾ ಐವತ್ತ ಮಂದಿ ತಲಿ ಸರಿ ಮಾಡ್ತೀನ್ರಿ ಅಕ್ಕಾರ. ನನ್ನ ಮಗಳ ತಲ್ಯಾಗಿಂದು ಸರಿ ಮಾಡಾಕ ಆಗವಲ್ದು." ಅಂಗಿಯ ಮೇಲಿನ ಕೂದಲು ಕೊಡವಿಕೊಂಡ. "ಸೊಪ್ಪ ಕೊಟ್ಟೀರಿ, ಕೊಟ್ಟೀರಿ ಅಂತ ಬರದಾರಂತಲ್ಲ. ಇನ್ನ ಖರೇನ ಕೊಟ್ರ ಏನಾಗತೈತ್ರಿ? ಅದ ಗಿಡ, ಅದ ಎಣ್ಣಿ ಅಲ್ಲೇನು?"

"ಅಲ್ಲಪಾ," ಎಂದು ಅವನ ಕೈ ಹಿಡಿದುಕೊಂಡೆ. "ಎಣ್ಣ್ಯಾಗ ಅಮಲಿನ ಅಂಶ ತಗದಿರ್ತಾರ. ಹಸೀ ಸೊಪ್ಪಿನಾಗ ಅದ ತುಂಬಿರತೈತಿ. ಫಿಟ್ಸ್ ಹೆಚ್ಚಾಗತಾವ. ಆ ವಿಚಾರ ಬಿಡ್ರಿ. ನಾಳೆ ನಾ ಬೀಗ ತಗಸ್ತೀನಿ."

ಅವನು ಹೂಂ ಎಂದು ತಲೆಯಾಡಿಸಿದ. ನನ್ನ ಮಾತನ್ನು ನಂಬಿದ ಎಂದುಕೊಂಡೆ. ನಂಬಲು ನಾನು ಅವನಿಗೆ ಅಲ್ಲಿಯವರೆಗೆ ಏನು ಕೊಟ್ಟಿದ್ದೆ?

*

ಗುರುವಾರ ಚಿತ್ರಪಟದ ಫೋಟೋ ಹಿಡಿದು ಬೆಣಕಲ್ಲನ ಕೋಣೆಗೆ ನುಗ್ಗಿದೆ. ಮಂಡಳಿಯೇ ಭಂಗಿ ಕೊಡಿ ಎಂದು ಅಚ್ಚುಹಾಕಿಸಿದೆ, ಮಂಡಳಿಯೇ ಭಂಗಿ ಕೊಟ್ಟಿರಿ ಎಂದು ಬೀಗ ಹಾಕಿದೆ, ಇದಕ್ಕಿಂತ ದೊಡ್ಡ ಪುರಾವೆ ಏನು ಬೇಕು ಎಂದು ಕೂಗಾಡಿದೆ. ಫೋಟೋ ನೋಡಿ ಅವನ ಮುಖದ ಬಣ್ಣ ಇಳಿಯಿತು. ಗೆದ್ದೆ ಎಂದುಕೊಂಡೆ. ಮೂವತ್ತೊಂದು ವರ್ಷ ಪಾಠ ಹೇಳಿದವಳಿಗೆ ಎದುರಿನವರಿಗೆ ಅರ್ಥವಾದರೆ ಸಾಕು, ಕೆಲಸವಾದಂತೆ ಎಂಬ ಭ್ರಮೆ.

"ಇದನ್ನ ಯಾರಿಗೂ ಕಳಿಸಬ್ಯಾಡ್ರಿ," ಎಂದ ಮೆಲ್ಲಗೆ. "ಮೇಡಮ್, ನಿನ್ನಿತನಾ ಇದು ಯಂತ್ರದ ತಪ್ಪಿತ್ತು. ಈಗ ಮಂಡಳಿ ತಪ್ಪಾತು. ಈಗಂತೂ ಮುಟ್ಟಾಕ ಬರಂಗಿಲ್ಲ."

ಮಧ್ಯಾಹ್ನ ನನ್ನ ಮೇಜಿಗೆ ಬಂದು ಕೂತಾಗ ಪಟ್ಟಿ ತೆರೆಯಲಿಲ್ಲ. ನನ್ನ ಗುಪ್ತಪದ ರದ್ದಾಗಿತ್ತು. ಬೆಂಗಳೂರಿನ ಕೇಂದ್ರ ಕಚೇರಿಗೆ ಮೂರು ಸಲ ಫೋನು ಮಾಡಿದೆ. ಪ್ರತಿ ಸಲವೂ ಲಿಖಿತವಾಗಿ ಕಳಿಸಿ ಎಂದರು, ಕಳಿಸಿದೆ. ಕಳಿಸಿದ್ದು ತಲುಪಿದೆ ಎಂದು ಉತ್ತರ ಬಂತು. ಸಂಜೆ ಐದೂವರೆಗೆ ಎಲ್ಲರಂತೆ ನಾನೂ ಮನೆಗೆ ಹೋದೆ.

ಶುಕ್ರವಾರ ಹತ್ತೂವರೆಗೆ ನಫೀಸಾಳ ಎದುರು ನಿಂತೆ. ಅವಳ ಮೇಜಿನ ಮೂಲೆಯಲ್ಲಿ ಗಾಜಿನ ಮುಚ್ಚಳದ ಕೆಳಗೆ ಒಂದು ಕೀಲಿಯಿತ್ತು. ಪ್ರವಾಹ, ಬೆಂಕಿ, ಯುದ್ಧ ಇಂಥವೇನಾದರೂ ಆಗಿ ಪರಿಚಾರಕ ಕೆಟ್ಟು ನಿಂತರೆ ಯಾವುದೇ ಡಬ್ಬಿಯನ್ನು ಕೈಯಿಂದ ತೆರೆಯುವ ಕೀಲಿ. ಅದನ್ನು ತಿರುಗಿಸಿದವರ ಬೆರಳಚ್ಚು ದಾಖಲಾಗುತ್ತಿತ್ತು. ಕೈಯಿಂದ ತೆರೆದದ್ದು ಯಂತ್ರದ ಕೆಲಸವಲ್ಲವಾದ್ದರಿಂದ ನಲವತ್ತೊಂದನೇ ಕಲಮಿನ ರಕ್ಷಣೆ ಅದಕ್ಕಿಲ್ಲ ಎಂಬುದನ್ನು ಕೆಲಸಕ್ಕೆ ಸೇರಿದ ದಿನವೇ ಎಲ್ಲರಿಗೂ ಓದಿಸಿ ಸಹಿ ಹಾಕಿಸಿದ್ದರು.

"ನಫೀಸಾ, ನಿನಗ ಇದನ್ನ ಕೇಳಬಾರದು. ನಿನ್ನ ಹೊಟ್ಟ್ಯಾಗ ಕೂಸೈತಿ..."

ಅವಳು ಅಷ್ಟರಲ್ಲೇ ಗಾಜು ಎತ್ತಿದ್ದಳು. "ನೀವ ಒಂದ ಮಾತ ಹೇಳ್ಲಿ ಅಂತ ಮೂರ ದಿನದಿಂದ ಕಾಯಾಕತ್ತೇನ್ರಿ ಅಕ್ಕಾರ. ಪದ ನಿಮ್ಮದು, ನೀವ ಹೇಳಬೇಕಲ್ಲ?"

ಮೂರು ದಿನ. ಅವಳು ಸಿದ್ಧಳಿದ್ದಳು. ನಾನು ಚಹಾ ಕುಡಿದೆ, ಫೋಟೋ ತೋರಿಸಿದೆ, ಲಿಖಿತವಾಗಿ ಕಳಿಸಿದೆ.

ಕೀಲಿ ತಿರುಗಿತು. ಪರದೆಯ ಮೇಲೆ ಬೆಟಗೇರಿಯ ಡಬ್ಬಿ ಹಸಿರಾಯಿತು. ಅಲ್ಲಿಯ ಧ್ವನಿ ನಮ್ಮ ಕೋಣೆಯಲ್ಲಿ ಕೇಳತೊಡಗಿತು. ಡಬ್ಬಿಯ ಬಾಗಿಲು ತೆರೆದ ಸದ್ದು, ಆಮೇಲೆ ನಾನು ಬರೆದ ವಾಕ್ಯ: "ಔಷಧ ಸಿದ್ಧವಾಗಿದೆ. ಮಗುವಿನ ನಾಲಿಗೆಯ ಕೆಳಗೆ ಹನಿಗಳನ್ನು ಬಿಡಿ."

ಯಾರೂ ಬರಲಿಲ್ಲ. ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ಮಿಕ್ಸರ್ ಹಾಕಿ ನಿಲ್ಲಿಸಿದರು. ಡಬ್ಬಿ ಇನ್ನೊಮ್ಮೆ ಹೇಳಿತು. "ಸೌಭಾಗ್ಯಾ!" ಎಂದು ನಾನು ಪರದೆಗೆ ಕೂಗಿದೆ, ನನ್ನ ದನಿ ಅಲ್ಲಿಗೆ ಹೋಗುವುದಿಲ್ಲ ಎಂದು ಗೊತ್ತಿದ್ದೂ ಕೂಗಿದೆ. ಹತ್ತು ನಿಮಿಷ ತುಂಬಿದ ಕೂಡಲೇ ಬಾಗಿಲು ಮುಚ್ಚಿಕೊಂಡಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: ರೋಗಿಯು ಔಷಧವನ್ನು ಸ್ವೀಕರಿಸಲಿಲ್ಲ.

*

ಅವರು ದೊಡ್ಡಾಸ್ಪತ್ರೆಯಲ್ಲಿದ್ದರು. ಗುರುವಾರ ಸಂಜೆ ನಿಂಗರಾಜ ಎಲ್ಲಿಂದಲೋ ಒಂದು ಹಿಡಿ ಸೊಪ್ಪು ತಂದು ಹಾಲಿನಲ್ಲಿ ಕುದಿಸಿದ್ದ. ನನಗೆ ಅದನ್ನು ಹೇಳಿದ್ದು ಸೌಭಾಗ್ಯಳೇ, ವಾರ್ಡಿನ ಹೊರಗಿನ ಬೆಂಚಿನ ಮೇಲೆ.

"ನಾ ಬ್ಯಾಡ ಅಂದೆನೇನ್ರಿ ಅಕ್ಕಾರ? ಅನಲಿಲ್ರಿ. ಕೂಸಿನ ತಲಿ ಹಿಡದಾಕಿ ನಾನ. ಅರವತ್ತೊಂದ ಸಲ ಬಂದಿದ್ವು ಅವತ್ತ. ಯಾರಾದ್ರೂ ಏನ ಕೊಟ್ಟಿದ್ರೂ ಕುಡಸ್ತಿದ್ದೆ."

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂದ ಮೂರ್ಛೆ ಐವತ್ತು ನಿಮಿಷ ನಿಲ್ಲಲಿಲ್ಲ. ಆಸ್ಪತ್ರೆಯವರು ಸೂಜಿಯ ಮೇಲೆ ಸೂಜಿ ಕೊಟ್ಟು ನಿಲ್ಲಿಸಿದರು. ಇಂಚರಾ ಉಳಿದಳು. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಉಸಿರು ಉಳಿದಿದೆ, ಉಳಿದದ್ದರ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ ಎಂದರು. ಕಾಯ್ದೆಯ ಪ್ರಕಾರ ಅವರು ಮಗುವಿನ ರಕ್ತವನ್ನು ಪರೀಕ್ಷೆಗೆ ಕಳಿಸಲೇಬೇಕಿತ್ತು. ಮಂಡಳಿಯ ಎಣ್ಣೆಯಲ್ಲಿ ಇಲ್ಲದ ಅಮಲಿನ ಅಂಶ ಅದರಲ್ಲಿ ಸಿಕ್ಕಿತು.

ಸೌಭಾಗ್ಯ ಮಂಡಳಿಯ ಮೇಲೆ ದಾವೆ ಹೂಡಿದಳು. ಚಿತ್ರಪಟ, ಮೂರು ದಿನದ ಧ್ವನಿ, ನಾನು ಲಿಖಿತವಾಗಿ ಕಳಿಸಿದ ಕಾಗದ ಎಲ್ಲ ಹಾಜರಾದವು. ಹನ್ನೊಂದು ತಿಂಗಳ ಮೇಲೆ ನಾನು ಸಾಕ್ಷಿಕಟ್ಟೆ ಹತ್ತಿ ಎಲ್ಲವನ್ನೂ ಹೇಳಿದೆ, ಎರಡೂ ಕಡೆಯ ಪದ ನನ್ನದೇ ಎಂದು ಹೇಳಿದೆ. ಮಂಡಳಿಯ ವಕೀಲರು ಒಂದೇ ಒಂದು ಪ್ರಶ್ನೆ ಕೇಳಿದರು.

"ಕಾಯ್ದೆಯ ಎರಡನೇ ಕಲಮಿನಲ್ಲಿ ಹೇಳಿದ ಅರ್ಥದಲ್ಲಿ, ಆ ಮನೆಯಲ್ಲಿ ಮಗುವಿಗೆ ಭಂಗಿ ಕೊಟ್ಟಿದ್ದರೇ?"

"ಬೀಗ ಬಿದ್ದ ಮೇಲೆ, ಬೇರೆ ದಾರಿಯೇ ಇಲ್ಲದೆ..."

"ಹೌದು ಅಥವಾ ಇಲ್ಲ."

ಡಬ್ಬಿಯ ಮುಂದೆ ಸೌಭಾಗ್ಯ ಕಣ್ಣು ಮುಚ್ಚಿಕೊಂಡದ್ದು ಯಾಕೆಂದು ಆಗ ಗೊತ್ತಾಯಿತು. "ಹೌದು," ಎಂದೆ.

ತೀರ್ಪಿನಲ್ಲಿ ಮಂಡಳಿಗೆ ಹೊಣೆಯಿಲ್ಲ ಎಂದಾಯಿತು. ಯಂತ್ರ ಯಾವುದನ್ನು ಶಂಕಿಸಿತ್ತೋ ಅದೇ ಕೊನೆಗೆ ನಿಜವಾಗಿದೆ, ಆದ್ದರಿಂದ ಅದರ ಸದ್ಭಾವನೆಯನ್ನು ಅನುಮಾನಿಸಲು ಕಾರಣವಿಲ್ಲ ಎಂದರು. ಬೆಣಕಲ್ಲನಿಗೆ ಹೊಣೆಯಿಲ್ಲ, ಅವನು ಏನನ್ನೂ ಮಾಡಿರಲಿಲ್ಲ. ನನಗೂ ಹೊಣೆಯಿಲ್ಲವಂತೆ, ಪದ ಸೇರಿಸಿದ್ದು ಸಭೆಯ ನಿರ್ಣಯ. ಸೊಪ್ಪು ಕುಡಿಸಿದ ನಿಂಗರಾಜನಿಗೆ ಎರಡು ವರ್ಷದ ಶಿಕ್ಷೆಯಾಯಿತು. ಅಧಿಕಾರವಿಲ್ಲದೆ ಕೀಲಿ ತಿರುಗಿಸಿದ ನಫೀಸಾ ಕೆಲಸ ಕಳೆದುಕೊಂಡಳು. ಇಡೀ ಪ್ರಕರಣದಲ್ಲಿ ಮಗುವಿಗಾಗಿ ಕೈ ಚಾಚಿದ ಇಬ್ಬರನ್ನೇ ಕಾನೂನು ಹುಡುಕಿ ಹಿಡಿಯಿತು.

ಅಷ್ಟರಲ್ಲಿ, ಬೀಗ ಬಿದ್ದ ತೊಂಬತ್ತೊಂದನೇ ದಿನವೇ, ಪದಪಟ್ಟಿಯ ಹೊಸ ಆವೃತ್ತಿ ಬಂದಿತ್ತು. ಭಂಗಿ: ಒಂದು, ಮುದ್ರೆಯಿಲ್ಲದ ಗಾಂಜಾ. ಎರಡು, ದೇಹದ ನಿಲುವು. ಯಾರ ಹೆಸರೂ ಇಲ್ಲ, ಟಿಪ್ಪಣಿಯೂ ಇಲ್ಲ. ಅದನ್ನು ನೋಡಿದ ದಿನ ನಾನು ರಾಜೀನಾಮೆ ಬರೆದುಕೊಟ್ಟೆ. ಕಾಗದದಲ್ಲಿ ಒಂದು ಅಕ್ಷರದೋಷವಿದೆ ಎಂದು ತಿದ್ದಿಕೊಡಲು ವಾಪಸು ಕಳಿಸಿದರು.

ಭಾನುವಾರಗಳಂದು ನಾನು ಬೆಟಗೇರಿಗೆ ಹೋಗುತ್ತೇನೆ. ಸೌಭಾಗ್ಯ ಈಗ ಅಂಗಡಿಯನ್ನೂ ನೋಡಿಕೊಳ್ಳುತ್ತಾಳೆ. ಹಾಳಾಗಿಹೋಗು ಎಂದು ಒಂದು ದಿನವಾದರೂ ನನ್ನನ್ನು ಬೈದಿದ್ದರೆ ಎದೆ ಸ್ವಲ್ಪ ಹಗುರಾಗುತ್ತಿತ್ತು. ಬೈಯುವುದಿಲ್ಲ, ನೀರು ತಂದುಕೊಡುತ್ತಾಳೆ. ಡಬ್ಬಿಯನ್ನು ಮಂಡಳಿಯವರು ಕಿತ್ತುಕೊಂಡು ಹೋಗಿದ್ದಾರೆ, ಗೋಡೆಯ ಮೇಲೆ ನಾಲ್ಕು ತೂತು ಉಳಿದಿವೆ. ಬಾಗಿಲ ಹಿಂದಿನ ಚಿತ್ರಪಟ ಹಾಗೇ ಇದೆ.

ಹೋದ ವಾರ ನಾನು ಹೋದಾಗ ಅವಳು ಇಂಚರಾಳನ್ನು ಎಡಮಗ್ಗುಲಿಗೆ ಹೊರಳಿಸುತ್ತಿದ್ದಳು. ಮಗುವಿನ ಕಣ್ಣು ತೆರೆದಿದ್ದವು. ಅವು ಯಾರನ್ನೂ ನೋಡುತ್ತಿರಲಿಲ್ಲ. ಮೊಣಕಾಲು ಮಡಿಸಿ, ಬೆನ್ನಿಗೆ ದಿಂಬು ಕೊಟ್ಟು, ಸೌಭಾಗ್ಯ ನನ್ನ ಕಡೆ ನೋಡಿದಳು.

"ಅಕ್ಕಾರ, ಒಂದ ಕೇಳ್ತೀನಿ. ಫಿಜಿಯೋದಾವ್ರು ಬಂದಾಗ ಮೂರನೇದು ಕೊಟ್ಟೇನಿ ಅಂತ ಹೇಳಬೇಕಲ್ರಿ. ಆ ಪದ ಬಾಯಾಗ 'ಭಂ' ಅಂತ ಬಂದ್ರ ಸಾಕು, ಮೈ ನಡಗತೈತಿ. ನೀವ ಕನ್ನಡ ಕಲಿಸಿದಾವ್ರು. ಇದಕ್ಕ ಇನ್ನ ನಾವು ಏನ ಅನ್ನಬೇಕ್ರಿ?"

ನನಗೆ ಆರೇಳು ಪದಗಳು ಒಟ್ಟಿಗೇ ಹೊಳೆದವು. ಒಂದಕ್ಕಿಂತ ಒಂದು ಒಳ್ಳೆಯ ಪದ. ಯಾವುದನ್ನು ಕೊಟ್ಟರೆ ಅದು ಎಲ್ಲಿ ಹೋಗಿ ಯಾರ ಬಾಗಿಲಿಗೆ ಬೀಗವಾಗುತ್ತದೋ ಎಂದು ಭಯವಾಯಿತು.

"ಏನೂ ಅನ್ನಬ್ಯಾಡ್ರಿ," ಎಂದೆ. "ಕೈ ಮಾಡಿ ತೋರಸ್ರಿ."

ಅವಳು ಮೂರು ಬೆರಳು ಎತ್ತಿ ತೋರಿಸಿದಳು, ಸರಿಯೇ ಎನ್ನುವ ಹಾಗೆ. ನಾನು ಸರಿ ಎಂದು ತಲೆ ಆಡಿಸಿದೆ.